ವಾರಕ್ಕೆ ಎಷ್ಟು ಕಿಲೋಮೀಟರ್?

ಅಥಣಿ ತಾಲೂಕಿನ ಅನಂತಪುರದ ಕಡೆ ನಸುಕಿನಲ್ಲಿ ಎದ್ದು ರಸ್ತೆಗೆ ಬಂದರೆ, ಹಾಲಿನ ಕ್ಯಾನು ಕಟ್ಟಿಕೊಂಡು ಹೊರಟ ಬೈಕುಗಳ ಜೊತೆಗೆ ಓಡುವವರೂ ಎದುರಾಗುತ್ತಾರೆ. ಅವರಲ್ಲಿ ಎರಡು ಬಗೆ. ಮೊದಲನೆಯವರು ಭರ್ತಿಗೆ ತಯಾರಾಗುವ ಹುಡುಗರು. ಸೈನ್ಯದ ಭರ್ತಿ, ಪೊಲೀಸ್ ಭರ್ತಿ ಎಂದರೆ 1,600 ಮೀಟರ್ ಓಟ. ಆ ನಾಲ್ಕು ಸುತ್ತಿನ ಮೇಲೆ ಒಂದು ಮನೆಯ ಆಸೆಯೆಲ್ಲ ನಿಂತಿರುತ್ತದೆ. ಎರಡನೆಯವರಿಗೆ ಓಟದಿಂದ ನೌಕರಿ ಸಿಗಬೇಕಾಗಿಲ್ಲ. ಶಾಲೆಯ ಮಾಸ್ತರು, ಸೊಸೈಟಿಯ ಸೆಕ್ರೆಟರಿ, ನಾಲ್ಕೆಕರೆ ಕಬ್ಬು ಮಾಡಿಕೊಂಡಿರುವ ರೈತ, ಔಷಧದ ಅಂಗಡಿ ನಡೆಸುವ ಹೆಣ್ಣುಮಗಳು, ಇಂಥವರು. ಒಬ್ಬರಿಗೆ ಡಾಕ್ಟರು ಸಕ್ಕರೆ ಕಾಯಿಲೆ ಎಂದಿದ್ದಾರೆ. ಇನ್ನೊಬ್ಬರಿಗೆ ಬೆಳಗಿನ ತಂಪಿನಲ್ಲಿ ಓಡಿ ಬಂದರೆ ದಿನವಿಡೀ ಮನಸ್ಸು ಹಗುರ.

ಈ ಎರಡನೆಯವರು ಎಲ್ಲೇ ಸಿಕ್ಕಲಿ, ಕೇಳುವುದು ಒಂದೇ ಮಾತು: ದಿನಕ್ಕೆ ಎಷ್ಟು ಓಡಬೇಕು, ವಾರಕ್ಕೆ ಎಷ್ಟಾಗಬೇಕು? ಇವತ್ತು ನಾನು ಮಾತಾಡುವುದು ಆ ಲೆಕ್ಕದ ಬಗ್ಗೆ.

ಲೆಕ್ಕ ಹೇಳುವವರಿಗೇನೂ ಕಡಿಮೆಯಿಲ್ಲ. ಫೋನಿನ ಆ್ಯಪ್ ಹೇಳುತ್ತದೆ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಅಕ್ಕನ ಮಗ ಹೇಳುತ್ತಾನೆ. ಪುಸ್ತಕಗಳಲ್ಲಿ ಹನ್ನೆರಡು ವಾರದ, ಹದಿನಾರು ವಾರದ ಪಟ್ಟಿಗಳಿವೆ: ಮಂಗಳವಾರ ಇಷ್ಟು, ಗುರುವಾರ ಅಷ್ಟು, ಭಾನುವಾರ ಇನ್ನಷ್ಟು. ಪಟ್ಟಿಗಳು ಸುಳ್ಳಲ್ಲ, ಅನುಭವಸ್ಥರೇ ಬರೆದವು. ಆದರೆ ಅವು ಒಂದು ಬಗೆಯ ಮನುಷ್ಯನನ್ನು ಕಣ್ಮುಂದೆ ಇಟ್ಟುಕೊಂಡು ಬರೆದವು. ಆ ಮನುಷ್ಯ ದಿನಕ್ಕೆ ಎಂಟು ತಾಸು ಕುರ್ಚಿಯ ಮೇಲೆ ಕೂಡುತ್ತಾನೆ, ರಾತ್ರಿ ತುಂಬ ನಿದ್ದೆ ಮಾಡುತ್ತಾನೆ. ಅವನ ಮೈಗೆ ಬೀಳುವ ದುಡಿಮೆ ಎಂದರೆ ಆ ಓಟವೊಂದೇ. ಅನಂತಪುರದಲ್ಲಿ ಓಡುವ ಹೆಚ್ಚಿನವರು ಆ ಮನುಷ್ಯ ಅಲ್ಲ. ನನ್ನ ಇವತ್ತಿನ ತಕರಾರಿಗೆ ಮೂಲ ಇದೇ.

ಓಟ ನಮ್ಮ ಬೆಳಗಾವಿ ಜಿಲ್ಲೆಗೆ ನಿನ್ನೆ ಮೊನ್ನೆ ಬಂದದ್ದೇನೂ ಅಲ್ಲ. 1919ರಲ್ಲಿ ಪುಣೆಯ ಡೆಕ್ಕನ್ ಜಿಮ್ಖಾನಾದ ಕ್ರೀಡಾಕೂಟದಲ್ಲಿ ಬರಿಗಾಲಲ್ಲಿ ಓಡುವ ರೈತಾಪಿ ಹುಡುಗರನ್ನು ಕಂಡು ಸರ್ ದೊರಾಬ್ಜಿ ಟಾಟಾ ಬೆರಗಾದರು. ಸರಿಯಾದ ತರಬೇತಿಯ ಗಂಧವೂ ಇಲ್ಲದೆ ಅವರು ಯುರೋಪಿನ ಓಟಗಾರರ ವೇಳೆಗೆ ಹತ್ತಿರ ಹತ್ತಿರ ಬರುತ್ತಿದ್ದರು. ಮರುವರ್ಷ, 1920ರಲ್ಲಿ, ಟಾಟಾ ಅವರ ಮುತುವರ್ಜಿಯಿಂದ ಬೆಲ್ಜಿಯಂನ ಆಂಟ್‌ವರ್ಪ್ ಒಲಿಂಪಿಕ್ಸ್‌ಗೆ ಹೋದ ಆರು ಜನರಲ್ಲಿ ಒಬ್ಬರು ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ. ಆಗಸ್ಟ್ 22ರಂದು ಅವರು ಮ್ಯಾರಥಾನ್ ಓಡಿದರು. ಈಗಿನ 42.195 ಕಿಲೋಮೀಟರ್ ಆಗ ಇನ್ನೂ ಗಟ್ಟಿಯಾಗಿರಲಿಲ್ಲ. ಆಂಟ್‌ವರ್ಪ್‌ನ ದಾರಿ ಅದಕ್ಕಿಂತ ಅರ್ಧ ಕಿಲೋಮೀಟರ್ ಉದ್ದ, 42.75 ಕಿಲೋಮೀಟರ್. ಚೌಗುಲೆ ಅದನ್ನು 2 ಗಂಟೆ 50 ನಿಮಿಷ 45 ಸೆಕೆಂಡುಗಳಲ್ಲಿ ಮುಗಿಸಿ 19ನೆಯವರಾದರು. ಭಾಗಿಸಿ ನೋಡಿ: ಕಿಲೋಮೀಟರಿಗೆ ನಾಲ್ಕು ನಿಮಿಷ. ಆ ವೇಗದಲ್ಲಿ ಒಂದು ಕಿಲೋಮೀಟರ್ ಓಡಿ ನೋಡಿದವರಿಗೆ, ಅದನ್ನೇ ನಲವತ್ತೆರಡು ಸಲ ಓಡುವುದು ಎಂದರೆ ಏನು ಎಂದು ಬೇರೆ ಹೇಳಬೇಕಾಗಿಲ್ಲ. ಈ ಹೆಸರು ನಮ್ಮ ಶಾಲೆಯ ಮಕ್ಕಳಿಗೆ ಬಾಯಿಪಾಠ ಆಗಿರಬೇಕಿತ್ತು. ಆಗಿಲ್ಲ. ಅದು ನನಗೆ ನೋವಿನ ಸಂಗತಿ.

ಟಾಟಾ ಅವರು ಕಂಡ ಹುಡುಗರ ಕಾಲು ಮೈದಾನದಲ್ಲಿ ತಯಾರಾದದ್ದಲ್ಲ, ಹೊಲದಲ್ಲಿ ಮತ್ತು ಹಾದಿಯಲ್ಲಿ. ಅಂದರೆ ದುಡಿಮೆಯೂ ಒಂದು ಬಗೆಯ ತರಬೇತಿಯೇ. ಹಾಗಾದರೆ ಲೆಕ್ಕ ಹಾಕುವಾಗ ಅದನ್ನು ಏಕೆ ಬಿಡಬೇಕು?

ಕಿಲೋಮೀಟರುಗಳನ್ನು ಹೆಚ್ಚು ಕಡಿಮೆ ಮಾಡಿ ಮೊದಲು ತನ್ನ ಮೈಮೇಲೆಯೇ ಪರೀಕ್ಷೆ ಮಾಡಿ ನೋಡಿದವರಲ್ಲಿ ನ್ಯೂಜಿಲೆಂಡಿನ ಆರ್ಥರ್ ಲಿಡಿಯಾರ್ಡ್ ದೊಡ್ಡವರು. ಅವರು ಆಕ್ಲೆಂಡಿನ ಚಪ್ಪಲಿ-ಬೂಟಿನ ಕಾರ್ಖಾನೆಯ ಕೆಲಸಗಾರ. ಕೊಲ್ಹಾಪುರಿ ಚಪ್ಪಲಿ ಹೊಲಿಯುವ ಕಸುಬುದಾರರಿರುವ ಅಥಣಿ ಸೀಮೆಯವರಿಗೆ ಈ ವಿಷಯ ಹಿಡಿಸಬಹುದು. ಹಿರಿಯ ಗೆಳೆಯನೊಬ್ಬನ ಜೊತೆ ಐದು ಮೈಲಿ ಓಡಲು ಹೋಗಿ ಏದುಸಿರು ಬಿಟ್ಟ ಮೇಲೆ ಅವರಿಗೆ ಹಟ ಹುಟ್ಟಿತು. ವಾರಕ್ಕೆ ಕಡಿಮೆ ಓಡಿ ನೋಡಿದರು, ಹೆಚ್ಚು ಓಡಿ ನೋಡಿದರು, 250 ಮೈಲಿಯವರೆಗೂ ಹೋಗಿ ನೋಡಿದರು. ಕೊನೆಗೆ ವಾರಕ್ಕೆ 100 ಮೈಲಿ, ಅಂದರೆ 160 ಕಿಲೋಮೀಟರ್, ಎಂಬಲ್ಲಿಗೆ ಬಂದು ನಿಂತರು. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಅವರ ಶಿಷ್ಯರಾದ ಪೀಟರ್ ಸ್ನೆಲ್ 800 ಮೀಟರ್ ಓಟವನ್ನೂ ಮರ್ರಿ ಹಾಲ್ಬರ್ಗ್ 5,000 ಮೀಟರ್ ಓಟವನ್ನೂ ಒಂದೇ ದಿನ ಗೆದ್ದರು. ಆಮೇಲೆ ಜಗತ್ತಿನ ಓಟಗಾರರೆಲ್ಲ 'ನೂರು ಮೈಲಿ' ಎಂಬ ಅಂಕಿಯ ಹಿಂದೆ ಬಿದ್ದರು.

ಅದೇ ಲಿಡಿಯಾರ್ಡ್ ಮಾಡಿದ ಇನ್ನೊಂದು ಕೆಲಸ ನಮ್ಮಂಥವರಿಗೆ ಹೆಚ್ಚು ಬೇಕಾದದ್ದು. 1960ರ ದಶಕದ ಆರಂಭದಲ್ಲಿ ಅವರು ಹೃದಯಾಘಾತದಿಂದ ಚೇತರಿಸಿಕೊಂಡ ನಡುವಯಸ್ಸಿನವರನ್ನೂ ಮುದುಕರನ್ನೂ ನಿಧಾನವಾಗಿ ಓಡಿಸತೊಡಗಿದರು. ಇವರಿಗೆ ಕೊಟ್ಟ ಲೆಕ್ಕ ನೂರು ಮೈಲಿಯದ್ದಲ್ಲ, ಇಷ್ಟೇ ಕಿಲೋಮೀಟರ್ ಎಂಬುದೂ ಅಲ್ಲ. ಪಕ್ಕದವರ ಜೊತೆ ಮಾತಾಡಿಕೊಂಡು ಓಡಲು ಆಗುವಷ್ಟು ವೇಗ, ಮರುದಿನ ಮತ್ತೆ ಓಡಬೇಕು ಅನ್ನಿಸುವಷ್ಟು ದೂರ. ಅಮೆರಿಕದಿಂದ ಬಂದ ತರಬೇತುದಾರ ಬಿಲ್ ಬೋವರ್ಮನ್ ಇವರ ಜೊತೆ ಓಡಲು ಹೋಗಿ, ಎಪ್ಪತ್ತು ದಾಟಿದ ಹೃದ್ರೋಗಿಯೊಬ್ಬರಿಗೆ ಸರಿಸಾಟಿಯಾಗಿ ಓಡಲಾರದೆ ಹಿಂದೆ ಬಿದ್ದರು. ಊರಿಗೆ ಮರಳಿ ಅವರು ಹಬ್ಬಿಸಿದ 'ಜಾಗಿಂಗ್' ಎಂಬುದು ಇವತ್ತು ಅನಂತಪುರದ ರಸ್ತೆಯವರೆಗೂ ಬಂದಿದೆ. ಒಬ್ಬನೇ ಗುರು ಒಲಿಂಪಿಕ್ಸ್ ಶಿಷ್ಯನಿಗೆ ಒಂದು ಲೆಕ್ಕ, ಹೃದ್ರೋಗಿಗೆ ಇನ್ನೊಂದು ಲೆಕ್ಕ ಕೊಟ್ಟ ಎಂಬುದನ್ನು ಆ್ಯಪ್‌ನ ಅಂಕಿ ನೋಡಿ ಓಡುವವರು ಗಮನಿಸಬೇಕು.

ಈಗ ಕಾಲಿನ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಓಟ ಬಿಟ್ಟವರಲ್ಲಿ ಹೆಚ್ಚಿನವರು ಬಿಟ್ಟದ್ದು ಇಲ್ಲಿಯೇ.

ಹಗುರ ಓಟದಲ್ಲಿ ಒಂದು ಕಿಲೋಮೀಟರಿಗೆ ಸಾವಿರ ಹೆಜ್ಜೆಗೂ ಮೇಲೆ ಬೀಳುತ್ತವೆ. ಪ್ರತಿ ಹೆಜ್ಜೆಗೆ ನೆಲ ಕಾಲನ್ನು ಒತ್ತುವ ಬಲ ಮೈತೂಕದ ಎರಡೂವರೆ ಪಟ್ಟು ಹತ್ತಿರ. 60 ಕಿಲೋ ತೂಕದವನ ಪ್ರತಿ ಹೆಜ್ಜೆಗೂ ಒಂದೂವರೆ ಕ್ವಿಂಟಲ್. ಓಡಲು ಶುರು ಮಾಡಿದ ಐದಾರು ವಾರಕ್ಕೆಲ್ಲ ಉಸಿರು ಹಿಡಿತಕ್ಕೆ ಬರುತ್ತದೆ, ಎದೆಬಡಿತ ತಗ್ಗುತ್ತದೆ, ಮಾಂಸಖಂಡ ಗಟ್ಟಿಯಾಗುತ್ತದೆ. ಎಲುಬಿಗೆ ಆ ಅವಸರ ಇಲ್ಲ. ಹೊಸ ಭಾರಕ್ಕೆ ಎಲುಬು ತನ್ನನ್ನು ತಾನು ಕೊರೆದುಕೊಂಡು ಮತ್ತೆ ಕಟ್ಟಿಕೊಳ್ಳಬೇಕು. ಅದಕ್ಕೆ ಮೂರು ನಾಲ್ಕು ತಿಂಗಳು ಬೇಕು. ನಡುವೆ ಕೆಲವು ವಾರ ಅದು ಮೊದಲಿಗಿಂತ ದುರ್ಬಲವಾಗಿಯೇ ಇರುತ್ತದೆ. ಸರಿಯಾಗಿ ಆ ವಾರಗಳಲ್ಲೇ ಓಟಗಾರನಿಗೆ ಹುರುಪು ಹೆಚ್ಚು. ಉಸಿರು 'ಇನ್ನೂ ಓಡು' ಎನ್ನುತ್ತದೆ, ಎಲುಬಿಗೆ ಬಾಯಿಲ್ಲ.

ಭರ್ತಿಯ ಹುಡುಗರಲ್ಲಿ ಇದು ಕಣ್ಣಿಗೆ ಹೊಡೆದಂತೆ ಕಾಣುತ್ತದೆ. ಪ್ರಕಟಣೆ ಬಂದ ದಿನದಿಂದ ಬೆಳಿಗ್ಗೆ ಸಂಜೆ ಎರಡೂ ಹೊತ್ತು ಡಾಂಬರಿನ ಮೇಲೆ 1,600 ಮೀಟರನ್ನು ಉಸಿರು ಕಟ್ಟಿ ಓಡುತ್ತಾರೆ. ತಿಂಗಳೊಳಗೆ ಮೊಣಕಾಲ ಕೆಳಗೆ, ಮುಂಭಾಗದ ಎಲುಬಿನ ಗುಂಟ ನೋವು. ಆಗ ಒಂದು ಪರೀಕ್ಷೆ ಮಾಡಿ ನೋಡಬೇಕು. ಹೆಬ್ಬೆರಳಿನಿಂದ ಆ ಎಲುಬಿನ ಒಳಬದಿಯನ್ನು ಮೇಲಿಂದ ಕೆಳಕ್ಕೆ ಒತ್ತುತ್ತ ಬನ್ನಿ. ನಾಲ್ಕು ಬೆರಳಗಲದಷ್ಟು ಉದ್ದಕ್ಕೆ ನೋವು ಹರಡಿಕೊಂಡಿದ್ದು, ಓಡುತ್ತ ಓಡುತ್ತ ಅದು ಸಡಿಲವಾಗುತ್ತಿದ್ದರೆ, ಎಲುಬಿನ ಹೊದಿಕೆಗೆ ಆಯಾಸವಾಗಿದೆ. ಓಟ ಅರ್ಧಕ್ಕಿಳಿಸಿ, ಮಣ್ಣಿನ ದಾರಿ ಹಿಡಿದರೆ ಸುಧಾರಿಸುತ್ತದೆ. ನೋವು ನಾಣ್ಯದಗಲದ ಒಂದೇ ಜಾಗದಲ್ಲಿ ಚುಚ್ಚುತ್ತಿದ್ದು, ರಾತ್ರಿ ಮಲಗಿದಾಗಲೂ ಇದ್ದು, ಓಡಿದಷ್ಟೂ ಹೆಚ್ಚುತ್ತಿದ್ದರೆ ಎಲುಬಿನಲ್ಲಿ ಬಿರುಕು ಬಿಟ್ಟಿರಬಹುದು. ಆಗ ಒಂದು ಹೆಜ್ಜೆಯನ್ನೂ ಓಡದೆ ವೈದ್ಯರಲ್ಲಿಗೆ ಹೋಗಬೇಕು. ಶುರುವಿನಲ್ಲಿ ಎಕ್ಸ್-ರೇಯಲ್ಲಿ ಬಿರುಕು ಕಾಣದೆಯೂ ಇರಬಹುದು, ಅದರಿಂದ ಧೈರ್ಯ ತಂದುಕೊಂಡು ಮತ್ತೆ ಓಡಬಾರದು. ಆ ನಾಣ್ಯದಗಲದ ನೋವನ್ನು ಮುಲಾಮು ಸವರಿ ಮುಚ್ಚಿಟ್ಟು ಓಡಿದ ಹುಡುಗರು ಭರ್ತಿಯ ದಿನವನ್ನೇ ಕಳೆದುಕೊಳ್ಳುತ್ತಾರೆ.

ಹಾಗಾದರೆ ಎಷ್ಟೆಷ್ಟು ಏರಿಸಬೇಕು? ಬಹಳ ಕಾಲದಿಂದ ಪ್ರಚಾರದಲ್ಲಿರುವ ಸೂತ್ರ, ವಾರದಿಂದ ವಾರಕ್ಕೆ ಹತ್ತು ಪ್ರತಿಶತಕ್ಕಿಂತ ಹೆಚ್ಚು ಏರಿಸಬೇಡ ಎಂಬುದು. ನೆದರ್ಲೆಂಡ್ಸಿನ ಗ್ರೋನಿಂಗೆನ್‌ನಲ್ಲಿ ಇದನ್ನು 532 ಹೊಸ ಓಟಗಾರರ ಮೇಲೆ ಪರೀಕ್ಷಿಸಿ, 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ಸೂತ್ರ ಪಾಲಿಸಿದ ಗುಂಪಿನಲ್ಲೂ, ಅದಕ್ಕಿಂತ ಬೇಗ ಏರಿಸಿದ ಗುಂಪಿನಲ್ಲೂ ಪೆಟ್ಟು ಮಾಡಿಕೊಂಡವರು ಒಂದೇ ಪ್ರಮಾಣದಲ್ಲಿದ್ದರು: ಐವರಲ್ಲಿ ಒಬ್ಬರು. ಆಮೇಲೆ 2025ರಲ್ಲಿ 5,200ಕ್ಕೂ ಹೆಚ್ಚು ಓಟಗಾರರ ಕೈಗಡಿಯಾರದ ದಾಖಲೆಗಳನ್ನು ಒಂದೂವರೆ ವರ್ಷ ಹಿಂಬಾಲಿಸಿದ ಅಧ್ಯಯನ ಬಂತು. ಅದರಲ್ಲಿ ಕಂಡದ್ದು ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಅಪಾಯ ವಾರದ ಮೊತ್ತದಲ್ಲಿ ಅಷ್ಟು ಅಡಗಿರಲಿಲ್ಲ, ಒಂದೇ ದಿನದ ಜಿಗಿತದಲ್ಲಿ ಅಡಗಿತ್ತು. ಹಿಂದಿನ 30 ದಿನಗಳಲ್ಲಿ ಓಡಿದ ಅತಿ ಉದ್ದದ ಓಟಕ್ಕಿಂತ ಹತ್ತು ಪ್ರತಿಶತಕ್ಕೂ ಹೆಚ್ಚು ದೂರವನ್ನು ಒಂದೇ ಬಾರಿಗೆ ಓಡಿದವರು ಹೆಚ್ಚು ಪೆಟ್ಟು ಮಾಡಿಕೊಂಡಿದ್ದರು.

ಇದನ್ನು ನಮ್ಮ ರಸ್ತೆಗೆ ತಂದು ಹೇಳುತ್ತೇನೆ. ನೀವು ವಾರಕ್ಕೆ ನಾಲ್ಕು ದಿನ ಓಡುತ್ತೀರಿ ಅನ್ನಿ: 4, 5, 4 ಮತ್ತು ಭಾನುವಾರ 7. ಒಟ್ಟು 20 ಕಿಲೋಮೀಟರ್. ತಿಂಗಳಲ್ಲಿ ನಿಮ್ಮ ಅತಿ ಉದ್ದದ ಓಟ ಆ ಏಳು. ಮುಂದಿನ ಭಾನುವಾರ ಏಳೂವರೆ ಓಡಿ. ಹುರುಪು ಬಂತೆಂದು, ಅಥಣಿಯಿಂದ ಗೆಳೆಯರು ಬಂದರೆಂದು, ಹನ್ನೆರಡಕ್ಕೆ ಹೋಗಬೇಡಿ. ಬುಧವಾರದ ಐದು ಆರಾದರೆ ಅಂಥ ತೊಂದರೆಯಿಲ್ಲ. ಮೂರು ವಾರ ಹೀಗೆ ಏರಿಸಿದ ಮೇಲೆ ನಾಲ್ಕನೆಯ ವಾರ ಒಟ್ಟು ದೂರವನ್ನು 15ಕ್ಕೆ ಇಳಿಸಿ. ಇಳಿಸಿದ ವಾರದಲ್ಲೇ ಎಲುಬು ತನ್ನ ಬಾಕಿ ಕೆಲಸ ಮುಗಿಸಿಕೊಳ್ಳುತ್ತದೆ. ಈ ಭಾಗದ ಕುಸ್ತಿಯ ತಾಲೀಮುಗಳಲ್ಲಿ ಬೆಳೆದವರಿಗೆ ಇದು ಹೊಸ ಮಾತಲ್ಲ. ಹೊಸ ಹುಡುಗನಿಗೆ ವಸ್ತಾದರು ಮೊದಲ ದಿನವೇ ಐನೂರು ಬಸ್ಕಿ ಹೊಡೆಸುವುದಿಲ್ಲ; ನಿನ್ನೆ ಎಷ್ಟು ಹೊಡೆದ, ಇವತ್ತು ನಡಿಗೆ ಹೇಗಿದೆ ಎಂದು ನೋಡಿ ಏರಿಸುತ್ತಾರೆ.

ಹೊಸದಾಗಿ ಶುರು ಮಾಡುವವರು ಕಿಲೋಮೀಟರನ್ನು ಮರೆತೇಬಿಡಿ. ಅರ್ಧ ತಾಸು ಮನೆಯಿಂದ ಹೊರಗಿರಿ. ಎರಡು ನಿಮಿಷ ಓಡಿ, ಎರಡು ನಿಮಿಷ ನಡೆಯಿರಿ. ವಾರಕ್ಕೆ ಮೂರು ದಿನ, ಒಂದೆರಡು ತಿಂಗಳು. 'ಇಷ್ಟರಿಂದ ಏನಾಗುತ್ತದೆ' ಎನ್ನುವವರಿಗೆ 2014ರಲ್ಲಿ ಅಮೆರಿಕದಲ್ಲಿ ಪ್ರಕಟವಾದ, 55 ಸಾವಿರ ಜನರನ್ನು ಸರಾಸರಿ 15 ವರ್ಷ ಗಮನಿಸಿದ ಅಧ್ಯಯನದ ಉತ್ತರವಿದೆ. ವಾರಕ್ಕೆ ಒಟ್ಟು 51 ನಿಮಿಷವೂ ತುಂಬದಷ್ಟು ಓಡುತ್ತಿದ್ದವರಲ್ಲೂ, ಓಡದವರಿಗೆ ಹೋಲಿಸಿದರೆ, ಹೃದ್ರೋಗದಿಂದ ಸತ್ತವರ ಪ್ರಮಾಣ ಎದ್ದು ಕಾಣುವಷ್ಟು ಕಡಿಮೆ ಇತ್ತು. ಆರೋಗ್ಯಕ್ಕಾಗಿ ಓಡುವವರು ಹೆಚ್ಚಿನ ಅಂಕಿಗಾಗಿ ಹಂಬಲಿಸಬೇಕಾದ ಕಾರಣವೇ ಇಲ್ಲ.

ಇನ್ನು ನನ್ನ ತಕರಾರಿಗೆ ಬರುತ್ತೇನೆ: ದುಡಿಮೆಯ ಲೆಕ್ಕ.

ಕಬ್ಬಿನ ಹಂಗಾಮು ಶುರುವಾದರೆ ಈ ಸೀಮೆಯ ಬದುಕೇ ಬೇರೆ. ಕಡಿದ ಕಬ್ಬಿನ ಹೊರೆ ತಲೆಯ ಮೇಲೆ ಹೊತ್ತು, ಟ್ರೇಲರಿಗೆ ಒರಗಿಸಿದ ಹಲಗೆ ಏರಿ, ಮೇಲೆ ಚೆಲ್ಲಿ, ಇಳಿದು, ಮತ್ತೆ ಹೊರೆ. ಹಲಗೆ ಏರುವಾಗ ಮೀನಖಂಡಕ್ಕೂ ಹಿಮ್ಮಡಿಯ ನರಕ್ಕೂ ಬೀಳುವ ಭಾರ ಸಣ್ಣದಲ್ಲ. ದಿನವಿಡೀ ಅದನ್ನು ಮಾಡಿದವನು ಮರುದಿನ ಬೆಳಿಗ್ಗೆ 'ಪಟ್ಟಿಯಲ್ಲಿ ಎಂಟು ಕಿಲೋಮೀಟರ್ ಇದೆ' ಎಂದು ಓಡಿದರೆ, ಅವನ ಕಾಲಿನ ಮಟ್ಟಿಗೆ ಅದು ಎಂಟಲ್ಲ, ಹದಿನೆಂಟು. ಇನ್ನೊಂದು ಸಂಗತಿ ನಗರದ ಪಟ್ಟಿ ಬರೆದವರ ಕನಸಿನಲ್ಲೂ ಇರಲಿಕ್ಕಿಲ್ಲ. ಪಂಪ್‌ಸೆಟ್ಟಿಗೆ ತ್ರೀ-ಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬಂದರೆ ರೈತ ರಾತ್ರಿಯೇ ನೀರು ಹಾಯಿಸಬೇಕು. ಬ್ಯಾಟರಿ ಹಿಡಿದು, ಕೆಸರಿನಲ್ಲಿ ಕಾಲೆತ್ತಿಡುತ್ತ, ಒಂದು ಸಾಲು ತುಂಬಿತೆಂದರೆ ಇನ್ನೊಂದಕ್ಕೆ ಮಡೆ ತಿರುವಬೇಕು. ನಿದ್ದೆಗೆಟ್ಟ ಮೈಯಲ್ಲಿ ಮಾಂಸಖಂಡದ ದುರಸ್ತಿ ನಿಧಾನ, ಹೆಜ್ಜೆಯ ಹಿಡಿತ ಸಡಿಲ. ಅಂಥ ಬೆಳಗಿನಲ್ಲಿ ಓಡದೆ ಮಲಗಿಕೊಳ್ಳುವುದೇ ಸರಿಯಾದ ತರಬೇತಿ. ಬಿಟ್ಟದ್ದನ್ನು ಭಾನುವಾರ ಸೇರಿಸಿ ಸಾಲ ತೀರಿಸುವುದೂ ಬೇಡ. ಹೋದದ್ದು ಹೋಯಿತು.

ಅದಕ್ಕೆ ನಾನು ಒಂದು ನೋಟ್‌ಬುಕ್ ಇಡಿ ಎನ್ನುತ್ತೇನೆ. ಅದರಲ್ಲಿ ದೂರದ ಪಕ್ಕಕ್ಕೆ ಮೂರು ವಿಷಯ ಬರೆಯಿರಿ: ಎಷ್ಟು ತಾಸು ನಿದ್ದೆ, ಹೊಲದಲ್ಲೋ ಅಂಗಡಿಯಲ್ಲೋ ಕಾಲ ಮೇಲೆ ನಿಂತು ದುಡಿದದ್ದು ಎಷ್ಟು, ಹಾಸಿಗೆಯಿಂದ ಏಳುವ ಮೊದಲು ನಾಡಿ ಎಷ್ಟು. ನಾಡಿ ದಿನದಂತೆ ಅರವತ್ತರ ಆಸುಪಾಸು ಇರುವವರಿಗೆ ಒಂದು ಬೆಳಿಗ್ಗೆ ಎಪ್ಪತ್ತು ದಾಟಿದರೆ ಮೈ ಏನೋ ಹೇಳುತ್ತಿದೆ. ಭಾರದ ದುಡಿಮೆಯ ದಿನವನ್ನು ಓಟದ ದಿನವೆಂದೇ ಎಣಿಸಿ. ಹಂಗಾಮಿನಲ್ಲಿ ವಾರದ 20 ಕಿಲೋಮೀಟರ್ 10ಕ್ಕೆ ಇಳಿದರೆ ಹಿಂದೆ ಬಿದ್ದೆವು ಎಂದುಕೊಳ್ಳಬೇಡಿ. ಆ ತಿಂಗಳುಗಳಲ್ಲಿ ರಸ್ತೆಯೂ ನಮ್ಮದಲ್ಲ. ಜೋಡಿ ಟ್ರೇಲರಿನ ಟ್ರ್ಯಾಕ್ಟರುಗಳು ಹಿಂದೆ ದೀಪವಿಲ್ಲದೆ ಹೋಗುತ್ತಿರುತ್ತವೆ. ಓಡುವುದಾದರೆ ಎದುರಿನ ವಾಹನ ಕಾಣುವಂತೆ ಬಲಬದಿಗೆ, ಬಿಳಿ ಅಂಗಿ ತೊಟ್ಟು, ಬೆಳಕು ಹರಿದ ಮೇಲೆ.

ಹೆಣ್ಣುಮಕ್ಕಳ ಲೆಕ್ಕದಲ್ಲಿ ಇನ್ನೊಂದು ಸೇರುತ್ತದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ 47.8 ಪ್ರತಿಶತ ಜನರಿಗೆ ರಕ್ತಹೀನತೆ ಕಂಡುಬಂತು. ಓಡುವಾಗ ಬೇಗ ಏದುಸಿರು ಬಂದರೆ 'ನನ್ನಲ್ಲಿ ತಾಕತ್ತಿಲ್ಲ' ಎಂದು ತಮ್ಮನ್ನೇ ಬೈದುಕೊಳ್ಳುವ ತಾಯಂದಿರಿದ್ದಾರೆ. ಮೊದಲು ಹಿಮೋಗ್ಲೋಬಿನ್ ನೋಡಿಸಿಕೊಳ್ಳಿ. ರಕ್ತ ಸರಿಯಾಗುವವರೆಗೆ ಓಟ ಏರಿಸುವ ಮಾತು ಬೇಡ. ಮುಟ್ಟು ನಿಂತು ನಿಂತು ಬರುತ್ತಿದ್ದರೆ, ತಿನ್ನುವುದು ಓಡುವುದಕ್ಕೆ ಸಾಲದೆ ಇರಬಹುದು ಎಂದು ತಿಳಿದು ವೈದ್ಯರನ್ನು ಕಾಣಿ. ಅದನ್ನು ಅಲಕ್ಷ್ಯ ಮಾಡಿದರೆ ಎಲುಬಿಗೇ ಏಟು.

ದೂರವನ್ನು ಹಂಚಿಕೊಳ್ಳುವ ಬುದ್ಧಿ ನಮ್ಮ ಜನರಿಗೆ ಹಳೆಯದು. ಯುಗಾದಿಯ ಹೊತ್ತಿಗೆ ಶ್ರೀಶೈಲ ಮುಟ್ಟಬೇಕೆಂದು ಕಂಬಿ ಹೊತ್ತು ಪಾದಯಾತ್ರೆ ಹೊರಡುವವರನ್ನು ನೋಡಿ. ನೂರಾರು ಕಿಲೋಮೀಟರ್ ದಾರಿ. ಬಿಸಿಲೇರುವ ಮೊದಲೇ ಹೆಚ್ಚಿನ ದಾರಿ ಸವೆಸಿ, ಮಧ್ಯಾಹ್ನ ಮರದ ನೆರಳಿಗೆ ಬೀಳುತ್ತಾರೆ. ಬೆಳದಿಂಗಳಿದ್ದರೆ ರಾತ್ರಿಯೂ ನಡೆಯುತ್ತಾರೆ. ಎಲ್ಲಿ ವಸ್ತಿ ಎಂದು ನಿಶ್ಚಯಿಸುವವರು ಹಲವು ಸಲ ಹೋಗಿ ಬಂದ ಹಿರಿಯರು. ಗುಂಪಿನಲ್ಲಿ ಯಾರ ಅಂಗಾಲಿಗೆ ಬೊಕ್ಕೆ ಎದ್ದಿದೆ, ಯಾರ ಮೊಣಕಾಲು ಬಾತಿದೆ ಎಂಬುದನ್ನು ನೋಡಿ ಆ ದಿನದ ದೂರ ನಿಲ್ಲಿಸುತ್ತಾರೆ. ಗುಂಪಾಗಿ ಓಡುವ ಗೆಳೆಯರೂ ಹೀಗೆ ಮಾಡಬೇಕು: ದೂರ ಗೊತ್ತುಮಾಡುವ ಹಕ್ಕು ಎಲ್ಲರಿಗಿಂತ ಹಿಂದೆ ಓಡುವವನಿಗೆ ಇರಲಿ.

ಕೊನೆಯದಾಗಿ, ಸ್ಪರ್ಧೆಗೆ ಹೆಸರು ಕೊಟ್ಟವರಿಗೆ. ಡಿಸೆಂಬರಿನಲ್ಲಿ ವಿಜಯಪುರದಲ್ಲಿ ವೃಕ್ಷಥಾನ್ ಓಟ ನಡೆಯುತ್ತದೆ. ಈ ಭಾಗದ ಬಹಳ ಜನರಿಗೆ ಹತ್ತಿರದ ದೊಡ್ಡ ಓಟ ಅದೇ. ಅರ್ಧ ಮ್ಯಾರಥಾನ್, ಅಂದರೆ 21 ಕಿಲೋಮೀಟರ್, ಓಡುವ ಮನಸ್ಸಿದ್ದರೆ ದಿನಾಂಕದಿಂದ ಹಿಂದಕ್ಕೆ ಎಣಿಸಿ. ಮಳೆಗಾಲ ಶುರುವಾಗುವಾಗ ವಾರಕ್ಕೆ 20 ಓಡುತ್ತಿದ್ದರೆ, ಸೆಪ್ಟೆಂಬರ್ ಮುಗಿಯುವಷ್ಟರಲ್ಲಿ 30, ನವೆಂಬರ್ ಮೊದಲ ವಾರಕ್ಕೆ 35 ಆದರೆ ಸಾಕು. ಭಾನುವಾರದ ಉದ್ದದ ಓಟ ಏಳರಿಂದ ಮೆಲ್ಲಗೆ ಹದಿನಾರು, ಹದಿನೇಳಕ್ಕೆ ಮುಟ್ಟಲಿ. ಪೂರ್ತಿ 21ನ್ನು ಮೊದಲೇ ಓಡಿ ನೋಡಬೇಕಾಗಿಲ್ಲ. ಸಕ್ಕರೆ ಕಾರ್ಖಾನೆಗಳು ಕಬ್ಬು ನುರಿಸಲು ಶುರು ಮಾಡುವುದೂ ಅದೇ ನವೆಂಬರ್ ಹೊತ್ತಿಗೆ, ಆದ್ದರಿಂದ ಕಬ್ಬು ಇರುವವರು ಏರಿಕೆಯನ್ನೆಲ್ಲ ದಸರೆಯ ಆಸುಪಾಸಿಗೇ ಮುಗಿಸಿಕೊಂಡು, ಆಮೇಲೆ ಇದ್ದಷ್ಟನ್ನು ಕಾಯ್ದುಕೊಳ್ಳಿ. ಕೊನೆಯ ಎರಡು ವಾರ ದೂರವನ್ನು ಅರ್ಧಕ್ಕೆ ತನ್ನಿ. ಆ ಎರಡು ವಾರದಲ್ಲಿ ನಿಮ್ಮ ಕಬ್ಬಿಗೆ ಕಡಿಯುವ ಪಾಳಿ ಬಂತೆಂದರೆ 21ರ ಬದಲು 10 ಕಿಲೋಮೀಟರ್ ಓಡಿ ಬನ್ನಿ. ಮುಂದಿನ ಡಿಸೆಂಬರಿಗೆ ಇದ್ದೇ ಇದೆ.